ಕಡೆಗೋಲಿನಲ್ಲಿ ಕೇಳಿದ ಹೆವಿ ಮೆಟಲ್

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಆರು ಸ್ಟೀಲಿನ ಲೋಟಗಳನ್ನು ನಾನು ಒಂದಕ್ಕೊಂದು ತಾಗಿಸಿಯೇ ಜೋಡಿಸಿಡುತ್ತಿದ್ದೆ. ಉದ್ಯಾವರದ ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹಾದುಹೋದಾಗಲೆಲ್ಲ ಅವು ಕಿಣಿಕಿಣಿ ಎನ್ನುತ್ತಿದ್ದವು. ಬಂದವರು ಇದನ್ನು ಗೃಹಿಣಿಯ ಅಚ್ಚುಕಟ್ಟುತನವೆಂದು ಭಾವಿಸಿ ಮೆಚ್ಚಿದ್ದುಂಟು. ನಾನೂ ಆ ಪ್ರಶಂಸೆಯನ್ನು ಸಂಕೋಚವಿಲ್ಲದೆ ಸ್ವೀಕರಿಸಿದ್ದುಂಟು. ನಿಜಸಂಗತಿ ಬೇರೆ. ಬಸ್ಸಿನ ಗುಡುಗು ನನ್ನ ಎಡಗಿವಿಗೆ ಕೇಳುವುದು ನಿಂತು ಕೆಲವು ತಿಂಗಳಾಗಿತ್ತು, ಬಲಗಿವಿಯೊಂದನ್ನೇ ನಂಬುವ ಧೈರ್ಯವಿಲ್ಲದೆ ಲೋಟಗಳನ್ನು ಗುಪ್ತಚರರಾಗಿ ನೇಮಿಸಿಕೊಂಡಿದ್ದೆ.

ಮಣಿಪಾಲದ ವೈದ್ಯರು ಪರೀಕ್ಷಿಸಿ, ಕಿವಿಯೊಳಗಿನ ಅಕ್ಕಿಕಾಳಿನಷ್ಟು ಎಲುಬೊಂದು ಬಿಗಿಯಾಗಿದೆ, ಮೊದಲು ಕೈಬಿಡುವುದು ಮಂದ್ರದ ನಾದ, ಮುಂದೆ ಬೇಕಾದರೆ ಶಸ್ತ್ರಚಿಕಿತ್ಸೆ ಉಂಟು, ಹೆದರಬೇಡಿ ಎಂದರು. ನಾನು ಹೆದರಿದೆ. ಮನೆಯಲ್ಲಿ ಹೇಳಲೂ ಇಲ್ಲ. ಉಡುಪಿಯ ಕಾಲೇಜೊಂದರಲ್ಲಿ ಸಂಸ್ಕೃತ ಕಲಿಸುತ್ತ, ಭಕ್ತಿಗಳಲ್ಲಿ ಶ್ರವಣವೇ ಮೊದಲನೆಯದೆಂದು ಗಂಭೀರವಾಗಿ ಪಾಠ ಹೇಳುವ ನನ್ನ ಶ್ರವಣಭಕ್ತಿಯೆಲ್ಲ, ಕ್ಷಮಿಸಿ, ಹೆವಿ ಮೆಟಲ್ಲಿಗೆ ಮೀಸಲು. ಹಾಸ್ಟೆಲಿನ ಗೆಳತಿಯ ಕ್ಯಾಸೆಟ್ಟಿನಿಂದ ಅಂಟಿದ ರೋಗ ಇದು. ಡ್ರಮ್ಮಿನವನು ಎರಡೂ ಪಾದಗಳಿಂದ ಪಟಪಟನೆ ಒದೆಯುವ ಆ ದಪ್ಪ ಪೆಟ್ಟುಗಳಿವೆಯಲ್ಲ, ಅಮ್ಮ ತೀರಿಕೊಂಡ ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದ್ದು ಅವೇ. ಈಗ ಹೆಡ್‌ಫೋನ್ ಹಾಕಿದರೆ ಎಡಗಡೆ ಬರೀ ಶೂನ್ಯ. ಈ ಪೆಟ್ಟುಗಳೂ ನನ್ನನ್ನು ಬಿಟ್ಟುಹೋದರೆ ಏನು ಗತಿ ಎಂಬ ದಿಗಿಲಿನಲ್ಲಿ, ಮನೆ ತುಂಬುವಂಥ ಸ್ಪೀಕರನ್ನೇ ತರುವುದೆಂದು ನಿಶ್ಚಯಿಸಿದೆ.

ಮಣಿಪಾಲದ ಅಂಗಡಿಯ ತರುಣ ನನ್ನ ಕಾಟನ್ ಸೀರೆಯನ್ನೂ ಕುಂಕುಮವನ್ನೂ ನೋಡಿ, "ಭಜನೆಗೆ ಅಲ್ವಾ ಮೇಡಂ?" ಎಂದು ಸಕ್ಕರೆ ಡಬ್ಬಿಯ ಗಾತ್ರದ್ದೊಂದನ್ನು ಮುಂದಿಟ್ಟ. ಅದರಲ್ಲಿ ನನ್ನ ಡ್ರಮ್ಮು ಸೊಳ್ಳೆಯಾಯಿತು. ಕಾರ್ಕಳದಲ್ಲಿ ಉದ್ಯೋಗಿಯಾಗಿರುವ ನಮ್ಮ ಯಜಮಾನರು ನನ್ನ ಸಂಗೀತವನ್ನು "ಕಾರ್ಕಳದ ಕಲ್ಲುಕೋರೆ" ಎಂದೇ ಕರೆಯುವವರು. ಆದರೂ ನನ್ನ ಸಪ್ಪೆ ಮುಖ ನೋಡಲಾರದೆ, ಅಲ್ಲಿಯ ಪೆಂಡಾಲಿನವನಿಂದ ಆಳೆತ್ತರದ ಪೆಟ್ಟಿಗೆಯೊಂದನ್ನು ತಂದುಬಿಟ್ಟರು. ಹಾಕಿದ್ದೇ ತಡ, ಆರೂ ಲೋಟಗಳು ನೆಲಕ್ಕೆ ಬಿದ್ದವು. ಪೆಟ್ಟುಗಳೋ, ದೋಸೆಹಿಟ್ಟಿನಂತೆ ಒಂದರೊಳಗೊಂದು ಕಲಸಿಹೋಗಿದ್ದವು. ಪೆಟ್ಟಿಗೆ ಮರುದಿನವೇ ಕಾರ್ಕಳಕ್ಕೆ ಮರಳಿತು.

ಹೀಗಿರುವಾಗ ನೆರೆಮನೆಯ ಲೋಕಣ್ಣ ಕಾಪುವಿಗೆ ಹೊರಟಿದ್ದ. ಕೆಮ್ಮಣ್ಣು ಊರಿನ ಮೊಗವೀರರವನು, ಮೀನಿನ ಬೋಟುಗಳ ಎಂಜಿನ್ ರಿಪೇರಿಯವನು. ಅಲ್ಲಿ ಗಲ್ಫಿನಿಂದ ಮರಳಿದ ಹಮೀದ್ ಎಂಬ ಬ್ಯಾರಿ ಹಳೆಯ ಸ್ಟೀರಿಯೋಗಳ ಅಂಗಡಿ ಇಟ್ಟಿದ್ದಾರೆಂದು ಹೇಳಿ ನನ್ನನ್ನೂ ಕರೆದುಕೊಂಡು ಹೋದ. ಹಮೀದ್ ನನ್ನ ಹಾಡನ್ನು ಒಂದರ ನಂತರ ಒಂದು ಸ್ಪೀಕರ್ ಜೋಡಿಗೆ ಹಾಕಿ, ವಾಟ್ಸು, ಓಮು ಎಂದು ಮಂತ್ರ ಪಠಿಸತೊಡಗಿದರು. ನಾನು ಪಂಡಿತಳಂತೆ ತಲೆಯಾಡಿಸಿದೆ. ಏನೂ ತಿಳಿಯಲಿಲ್ಲ.

ಲೋಕಣ್ಣನಿಗೆ ತಾಳ್ಮೆ ತಪ್ಪಿತು. ಜೇಬಿನಿಂದ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಸ್ಪೀಕರಿನ ಪೆಟ್ಟಿಗೆಗೆ ಊರಿ, ಹಿಡಿಯನ್ನು ತನ್ನ ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ.

"ಅಯ್ಯೋ, ಪಾಲಿಶ್ ಹೋಗ್ತದೆ ಮಾರಾಯ!" ಎಂದು ಹಮೀದ್ ಬೊಬ್ಬೆ ಹಾಕಿದರು.

"ಸುಮ್ಮನಿರಿ. ಬೋಟಿನ ಎಂಜಿನ್ ನಾವು ಹೀಗೇ ನೋಡುವುದು. ಒಳ್ಳೆಯ ಎಂಜಿನ್ ಒಂದೊಂದು ಪೆಟ್ಟನ್ನೂ ಬೇರೆ ಬೇರೆ ಹೇಳ್ತದೆ, ಕೆಟ್ಟದ್ದು ಬರೀ ಗರಗರ. ಟೀಚರೇ, ನೀವೂ ನೋಡಿ. ಎಡಗಿವಿಯ ಹಿಂದೆ, ಗಟ್ಟಿ ಒತ್ತಿ."

ಎಡಗಿವಿ! ಬೇಡವೆನ್ನುವುದಕ್ಕೂ ಕಾರಣ ಹೇಳಬೇಕಾಗುತ್ತಿತ್ತು. ಮಾನ ಉಳಿಸಿಕೊಳ್ಳಲು ಒತ್ತಿಕೊಂಡೆ. ಮೊದಲಿನ ಎರಡು ಜೋಡಿ ಗರಗರ ಎಂದವು. ಮೂರನೆಯದು, ಮೊಣಕಾಲೆತ್ತರದ ಹಳೆಯ ಮರದ ಜೋಡಿ. ದಡ್, ದಡ್, ದಡ್, ದಡ್! ಒಂದೊಂದಾಗಿ, ಬಿಡಿಬಿಡಿಯಾಗಿ, ನಡುವೆ ಕೂದಲೆಳೆಯ ಅಂತರವಿಟ್ಟು, ಸತ್ತೇಹೋಯಿತೆಂದು ನಾನು ನಂಬಿದ್ದ ಕಡೆಯಿಂದಲೇ ಆ ಪಾದಗಳು ಓಡಿಬಂದವು. ಬಿಗಿಯಾಗಿದ್ದದ್ದು ಬಾಗಿಲು ಮಾತ್ರ, ತಲೆಯ ಎಲುಬಿನ ದಾರಿಯಾಗಿ ನಾದ ತಲುಪಿದ ಒಳಮನೆ ಬೆಳಗುತ್ತಲೇ ಇತ್ತು. ಹಾಡು ಮುಗಿಯುವವರೆಗೂ ನಾನು ಕದಲಲಿಲ್ಲ.

"ಎಂತ ಟೀಚರ್, ಅಳ್ತೀರಾ? ರೇಟು ಕಮ್ಮಿ ಮಾಡುವ," ಎಂದು ಹಮೀದ್ ಗಾಬರಿಯಾದರು.

ಸಂಜೆ ಜೋಡಿ ಮನೆಗೆ ಬಂತು. ಸ್ಕ್ರೂಡ್ರೈವರ್ ಲೋಕಣ್ಣನ ಜೊತೆ ಹೋಗಿದ್ದರಿಂದ ಮಜ್ಜಿಗೆಯ ಕಡೆಗೋಲನ್ನೇ ತೊಳೆದು ಒರೆಸಿ, ಪೆಟ್ಟಿಗೆಗೂ ಕಿವಿಯ ಹಿಂದಕ್ಕೂ ಸೇತುವೆ ಕಟ್ಟಿಕೊಂಡು ಕುಳಿತಿದ್ದಾಗ ಯಜಮಾನರು ಒಳಗೆ ಬಂದರು. ಆ ಭಂಗಿಗೆ ಯಾವ ಶಾಸ್ತ್ರದಲ್ಲೂ ಸಮರ್ಥನೆಯಿಲ್ಲ. ಇನ್ನು ಮುಚ್ಚಿಡುವುದು ಸಾಕೆನಿಸಿ, ವೈದ್ಯರು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ಕಡೆಗೋಲನ್ನು ಇಸಿದುಕೊಂಡು ತಮ್ಮ ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿ, ಒಂದಿಡೀ ಹಾಡನ್ನು ಕೇಳಿದರು. "ಕಲ್ಲುಕೋರೆಯೇ," ಎಂದರು. "ಆದರೆ ಒಡೆಯುವವನಿಗೆ ಕೈಹಿಡಿತ ಉಂಟು." ಆಮೇಲೆ ಕುರ್ಚಿಯನ್ನು ಎಳೆದು ನನ್ನ ಬಲಗಡೆಗೆ ಹಾಕಿಕೊಂಡು ಕುಳಿತರು. "ನನಗೆ ಗೊತ್ತುಂಟು ಮಾರಾಯ್ತಿ. ಆರು ತಿಂಗಳಿಂದ ನಾನು ನಿನ್ನ ಬಲಗಡೆಗೇ ನಡೆಯುವುದು. ನೀನಾಗಿ ಹೇಳಲಿ ಅಂತ ಸುಮ್ಮನಿದ್ದೆ."

ಹೌದಲ್ಲ! ಪೇಟೆಗೆ ಹೋಗುವಾಗ, ಕಾಪುವಿನ ಮರಳಿನಲ್ಲಿ, ಊಟಕ್ಕೆ ಕೂರುವಾಗ. ಪೆಟ್ಟಿಗೆಗಳನ್ನು ಅಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದವಳಿಗೆ ಪಕ್ಕದ ಮನುಷ್ಯನ ನಡಿಗೆ ಕೇಳಿಸಿರಲಿಲ್ಲ.

ಮುಂದಿನ ತಿಂಗಳು ಇಬ್ಬರೂ ಮಣಿಪಾಲಕ್ಕೆ ಹೋಗುವವರಿದ್ದೇವೆ, ಆ ಬಾಗಿಲನ್ನು ತೆರೆಯಲಾದೀತೇ ಎಂದು ಕೇಳಲು. ಲೋಟಗಳ ನಡುವೆ ಈಗ ಒಂದೊಂದು ಬೆರಳಿನ ಅಂತರ ಬಿಟ್ಟಿದ್ದೇನೆ. ಬಸ್ಸು ಹಾದುಹೋದರೂ ಅವು ಸುಮ್ಮನಿರುತ್ತವೆ; "ಬಸ್ಸು ಬಂತು" ಎಂದು ಬಲಗಡೆಯಿಂದ ಯಾರೋ ಹೇಳುತ್ತಾರೆ.