ಮೊದಲ ಪುಟ ತಿದ್ದುತ್ತ ಕುಳಿತವನು

ಆ ಶುಕ್ರವಾರ ನಾನು ಕಲಿಸುವ ಉರ್ದು ಶಾಲೆಗೆ ರಜೆ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅಣ್ಣ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ನಾನು ಎದುರಿಗೆ ಕುಳಿತು ಅವ್ವನ ಕಥೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಮೊದಲ ಪುಟ ತಿದ್ದುತ್ತಿದ್ದೆ. (ಏಳನೆಯ ಸಲ.)

ಕಥೆ ಇಷ್ಟು. ಒಂದು ಬೆಳಗ್ಗೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಗಂಡನ ಮನೆ ಬಿಟ್ಟು, ಹರಿಗೋಲಿನಲ್ಲಿ ಕೃಷ್ಣೆ ದಾಟಿ ಈ ಊರಿಗೆ ಬಂದಳು. ಆಗ ನಾನು ಕಂಕುಳ ಕೂಸು, ಅಣ್ಣನಿಗೆ ಒಂಬತ್ತು. ಯಾಕೆ ಬಿಟ್ಟಳೆಂದು ಅವ್ವ ಸಾಯುವತನಕ ಬಾಯಿಬಿಡಲಿಲ್ಲ. ಗೊತ್ತಿದ್ದವನು ಅಣ್ಣ ಒಬ್ಬನೇ.

ಅಣ್ಣನಿಗೆ ಓದು ಬಾರದು. ಬರೆದದ್ದನ್ನು ಓದಿ ಹೇಳು ಅನ್ನುತ್ತಿದ್ದ. ನಾನು ಮತ್ತೆ ಅದೇ ಪುಟ ಓದುತ್ತಿದ್ದೆ. ಅವನಿಗೆ ನಗು. ಮಗ್ಗಕ್ಕೆ ಒಮ್ಮೆ ಏರಿಸಿದ ಉದ್ದೆಳೆಗಳ ಒಂದೇ ಹಾಸಿನ ಮೇಲೆ ಸಾಲಾಗಿ ಎಂಟು ಸೀರೆ ನೇಯುವ ಮನುಷ್ಯ. ಎಳೆ ಕಡಿದರೆ ಗಂಟು ಹಾಕಿ ಮುಂದೆ ಹೋಗುವವನು.

“ಮೊದಲ್ನೇ ಸೀರಿ ಸೆರಗ ಬಿಚ್ಚಿಕೋತ ಕುಂತ್ರ ಎಂಟನೇದು ಯಾರು ನೇಯಬೇಕಪಾ ತಮ್ಮಾ, ನಿಮ್ಮ ಹೆಡ್ ಮಾಸ್ತರ?”

ಆ ಶುಕ್ರವಾರ ಅವನೇ ಲಾಳಿ ಕೆಳಗಿಟ್ಟು, ಅವ್ವ ಮನೆ ಬಿಟ್ಟ ದಿನದ ಸಂಗತಿ ಹೇಳುತ್ತೇನೆ, ಬರೆದುಕೋ ಅಂದ. ನಾನೇನಂದೆ ಗೊತ್ತೇ?

“ಸ್ವಲ್ಪ ತಡಿಯಣ್ಣ, ಈ ಪುಟ ಸರಿ ಆಗಲಿ.”

ಆಯ್ತಪ್ಪ ಅಂದು ಮತ್ತೆ ಲಾಳಿ ಎತ್ತಿಕೊಂಡ.

ಮರುದಿನ ಅವನಿಗೆ ಜ್ವರ ಬಂತು. ಸಂಜೆಯೊಳಗೆ ಮಾತು ಹೋಯಿತು. ಐದನೆಯ ದಿನ ಅಣ್ಣ ಇರಲಿಲ್ಲ.

ತಿಂಗಳ ಮೇಲೆ ಬರೆಯಲು ಕುಳಿತೆ. ಹಿಂದಿನ ಪುಟ ತಿರುವಿ ನೋಡಲಿಲ್ಲ. ಕಾಗುಣಿತ ತಪ್ಪಿದರೂ ಮುಂದೆ, ವಾಕ್ಯ ಕುಂಟಿದರೂ ಮುಂದೆ. ಹನ್ನೊಂದು ದಿನಕ್ಕೆ ಮೊದಲ ಡ್ರಾಫ್ಟು ಮುಗಿಯಿತು.

ಬರೆಯುವ ಆಸೆಯಿರುವ ಓದುಗರು ನೀವು ಕಾಗದ ಹಾಕಿ ನನ್ನನ್ನು ಉಪಾಯ ಕೇಳುತ್ತೀರಿ. (ನನ್ನನ್ನು!) ಇದೊಂದೇ ನನಗೆ ಗೊತ್ತಿರುವುದು: ಕೊನೆಯತನಕ ಹೋಗಿ, ಆಮೇಲೆ ತಿದ್ದಿ. ಕಾಗದ ಕಾಯುತ್ತದೆ. ಹೇಳುವವರು ಕಾಯುತ್ತಾರೆಯೇ?

ಮೊನ್ನೆ ಅತ್ತಿಗೆಯನ್ನು ಕೇಳಿದೆ, ಆ ದಿನದ ಸಂಗತಿ ಅಣ್ಣ ನಿಮಗಾದರೂ ಹೇಳಿದ್ದನೇ ಎಂದು. ಆಕೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ.

“ನಾನೂ ಎಷ್ಟೋ ಸಲ ಕೇಳೀನ್ರಿ. ತಮ್ಮ ಬರಿಯಾಕತ್ತಾನ, ಮೊದಲ ಅವಗ ಹೇಳ್ತೀನಿ ಅಂತಿದ್ರು.”

ಡ್ರಾಫ್ಟು ಇಪ್ಪತ್ತೆರಡು ಪುಟ ಆಗಿದೆ. ಅವ್ವ ಯಾಕೆ ಮನೆ ಬಿಟ್ಟಳೆಂಬುದು ಅದರಲ್ಲಿಲ್ಲ.