ಕಡಲೆಯ ಕುಡಿ ಚಿವುಟಿದ ವರ್ಷ

ಪಿಂಪ್ರಿಯ ಕಾರ್ಮಿಕರ ಕಾಲೊನಿಯಲ್ಲಿ ಬೆಳೆದ ನನಗೆ, ಹೊಲವಿದ್ದ ಮನೆಯೆಂದರೆ ಅಡುಗೆಮನೆ ತುಂಬಿ ತುಳುಕುತ್ತದೆ ಎಂಬ ಕಲ್ಪನೆಯಿತ್ತು. ಮದುವೆಯಾಗಿ ಮರಾಠಿ ಸೀಮೆಯಲ್ಲೇ ದೌಂಡ್ ಕಡೆಯ ಕಾಲುವೆ ಊರಿಗೆ ಬಂದಾಗ ಕಂಡದ್ದು ಬಾಗಿಲವರೆಗೂ ಕಬ್ಬು, ಕೊತ್ತಂಬರಿಗೂ ಬಜಾರು. ಅತ್ತೆಗೆ ಇದರ ಮೇಲೆ ಮೊದಲಿನಿಂದಲೂ ಸಿಟ್ಟು. ಅವರ ತವರು ವಿಜಯಪುರದ ಎರೆಮಣ್ಣಿನ ಸೀಮೆ. ಅಲ್ಲಿ ಕಡಲೆ ಇಬ್ಬನಿಯಲ್ಲೇ ಬೆಳೆದುಬಿಡುತ್ತದೆ. ನಮ್ಮ ಕಬ್ಬೋ, ವರ್ಷ ಕಳೆದರೂ ಹೊಲ ಬಿಟ್ಟು ಏಳುವುದಿಲ್ಲ. ಕಾಲುವೆಯ ಪಾಳಿ ನೀರನ್ನೆಲ್ಲ ಕುಡಿದೂ ಬೇಸಿಗೆಯಲ್ಲಿ ಇನ್ನೂ ಬೇಕೆನ್ನುತ್ತದೆ.

ಅತ್ತೆ ಹೇಳಿಕೊಟ್ಟರು, ನಾನು ಮಾವನ ಮುಂದೆ ಬಾಯಿಬಿಟ್ಟೆ. ಮನೆ ಪಕ್ಕದ ಹೊಲದಲ್ಲಿ ಮಳೆಗಾಲಕ್ಕೆ ಸೋಯಾಬೀನ್, ಅದನ್ನು ತೆಗೆದ ಮೇಲೆ ಕಡಲೆ. ಮಾವ ಬಹಳ ಹೊತ್ತು ಎಲೆಅಡಿಕೆ ಜಗಿದು, ಒಂದೇ ವರ್ಷ ಎಂದರು. ಬೆಳೆ ಕೈಕೊಟ್ಟರೆ ಆ ಹೊಲಕ್ಕೂ ಮತ್ತೆ ಕಬ್ಬು. ಆಮೇಲೆ ಅತ್ತೆ ಸೊಸೆ ಇಬ್ಬರೂ ಹೊಲದ ಮಾತೆತ್ತಬಾರದು.

ಸೋಯಾಬೀನ್ ನಮ್ಮ ಮರ್ಯಾದೆ ಉಳಿಸಿತು. ಕಡಲೆ ಗೇಣುದ್ದವಾದಾಗ ಅತ್ತೆ ಓಣಿಯ ಹೆಂಗಸರನ್ನು ಕರೆದುಕೊಂಡು ಕುಡಿ ಚಿವುಟಲು ಇಳಿದರು. ತುದಿ ಚಿವುಟಿದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕವಲು ಹೆಚ್ಚಿದಷ್ಟೂ ಕಾಯಿ ಹೆಚ್ಚು. ಮರಾಠಿಯಲ್ಲಿ ಹರಟೆ, ಮಡಿಲ ತುಂಬ ಹುಳಿಹುಳಿ ಕುಡಿ. ಆ ಬೆಳಿಗ್ಗೆ ಮುಗಿಯುವುದೇ ಬೇಡವೆನಿಸುವಷ್ಟು ಖುಷಿ ನನಗೆ. ಅಷ್ಟರಲ್ಲಿ ಮಾವ ಬಂದರು. ಜೀವಮಾನವಿಡೀ ಕಬ್ಬು ಬೆಳೆದವರು. ಕಬ್ಬಿನ ಸುಳಿ ಮುರಿದರೆ ಆ ಗಳದ ಕಥೆ ಮುಗಿದಂತೆ. ನಮ್ಮನ್ನು ಕಂಡು ಅವರ ಮುಖ ಕೆಂಪಾಯಿತು.

"ಬೆಳಿಯೂ ಪೀಕಿನ ಕುತಿಗಿ ಹಿಚುಕಾಕತ್ತೀರಲ್ಲ," ಎಂದರು.

ಅತ್ತೆ ತಲೆ ಎತ್ತಲಿಲ್ಲ. "ಸಂಜಿಕ ಉಂಡು ಆಮ್ಯಾಲ ಬೈರಿ," ಎಂದರು.

ಸಂಜೆ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಕಡಲೆ ಕುಡಿಯ ಪಲ್ಯ. ಮಾವ ತಾಟು ಬಳಿದು ಉಂಡರು. ಪಲ್ಯಕ್ಕೆಂದು ತಾಟನ್ನು ಮತ್ತೆ ಮುಂದೆ ಸರಿಸಿದರು. ನಗು ತಡೆಯಲಾಗದೆ ನಾನು ಒಳಗೆ ಓಡಿದೆ.

ಆದರೆ ಪಾಳಿ ನೀರು ಬಂದಾಗ ಮಾವನಿಗೆ ನಿಜವಾದ ಸಂಕಟ ಶುರುವಾಯಿತು. ಬಂದ ನೀರನ್ನು ಬೇಡವೆಂದ ರೈತ ನಮ್ಮ ಕಾಲುವೆಯ ಮೇಲೆ ಒಬ್ಬನೂ ಇಲ್ಲ. ನೀರು ತಿರುಗಿಸಲು ಸಲಿಕೆ ಹಿಡಿದು ಕಡಲೆಯ ಬದುವಿನ ಮೇಲೆ ನಿಂತುಬಿಟ್ಟರು. ಹೂಬಿಟ್ಟ ಕಡಲೆಗೆ ನೀರು ಹೆಚ್ಚಾದರೆ ಬರೀ ಸೊಪ್ಪು ಬೆಳೆಯುತ್ತದೆ ಎಂದು ಅತ್ತೆ ಅಡ್ಡ ನಿಂತರು. ಕೊನೆಗೆ ಆ ನೀರು ನಮ್ಮದೇ ಕೆಳಗಿನ ಹೊಲದ ಕಬ್ಬಿಗೆ ಹೋಯಿತು. ಪ್ರತಿ ವರ್ಷ ನೀರು ಸಾಲದೆ ಹಳದಿಯಾಗುತ್ತಿದ್ದ ಕಬ್ಬು ಆ ಸಲ ಕಡುಹಸಿರಾಗಿ ನಿಂತಿತು. ಮಾವ ದಿನಾ ಹೋಗಿ ನೋಡಿ ಬರುತ್ತಿದ್ದರು.

ಕಡಲೆ ಒಕ್ಕಿದೆವು. ಚೀಲಗಳು ಪಡಸಾಲೆಯ ಗೋಡೆಗೆ ಒರಗಿ ನಿಂತವು. ಮಾವ ಒಂದು ಚೀಲವನ್ನು ಎತ್ತಿ ನೋಡಿ "ಹೂಂ" ಎಂದರು. ಅಷ್ಟೇ. ಮುಂದಿನ ವರ್ಷದ ಮಾತೇ ಇಲ್ಲ. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕಬ್ಬು ಕಡಿದು ಹೋದ ಮೇಲೆ ಬುಡವನ್ನು ಹಾಗೇ ಬಿಟ್ಟು ಅದರ ಮರುಚಿಗುರಿನಿಂದ ಕೂಳೆ ಬೆಳೆಯುವುದು ನಮ್ಮಲ್ಲಿ ಎಲ್ಲರ ರೂಢಿ. ಆದರೆ ಒಂದು ಬೆಳಿಗ್ಗೆ ರಸ್ತೆ ಪಕ್ಕದ ದೊಡ್ಡ ಹೊಲದಲ್ಲಿ ಟ್ರ್ಯಾಕ್ಟರ್ ಸದ್ದು. ಮಾವ ಮುಂದೆ ನಿಂತು ಬುಡಗಳನ್ನೆಲ್ಲ ಕೀಳಿಸುತ್ತಿದ್ದರು. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿದರು, ಹಿಂದೆ ನಾನು.

"ಯಾಕ್ರಿ, ಕೂಳಿ ಇಡೂದಿಲ್ಲೇನು?"

ಮಾವ ಟ್ರ್ಯಾಕ್ಟರಿನಿಂದ ಕಣ್ಣು ತೆಗೆಯಲಿಲ್ಲ. "ಮನಿ ಬಾಜೂದ ಹೊಲಾ ನಿಮಗ ಚಿವುಟಾಕ ಭಾಳ ಸಣ್ಣದಾತು," ಎಂದರು.

ಅತ್ತೆ ಸೆರಗು ಕಟ್ಟಿ ಹೊಲಕ್ಕಿಳಿದು ಬುಡಗಳನ್ನು ಆರಿಸತೊಡಗಿದರು. ಅಂದಿನ ರೊಟ್ಟಿ ನಾನೇ ಬಡಿದೆ.