ವತ್ಸಲಾ, ಅದು ಕೈಗುಣವಲ್ಲ

ವತ್ಸಲಾ, ಅತ್ತೆಯ ರಾತ್ರಿಯ ರೊಟ್ಟಿಗೆ ನಾನು ಅನ್ನ ಹಾಕುತ್ತಿದ್ದೆ. ಒಂದು ದಿನ ಎರಡು ದಿನ ಅಲ್ಲ — ಬಣಕಲ್ಲಿನ ನಮ್ಮ ಮನೆಯಲ್ಲಿ ಅವರಿದ್ದ ಏಳು ವರ್ಷವೂ ಹಾಕಿದ್ದೇನೆ. ಅವರು ಒಪ್ಪತ್ತು ಹಿಡಿದಿದ್ದಾರೆಂದು ಗೊತ್ತಿದ್ದೂ ಹಾಕಿದೆ. ಆ ಒಪ್ಪತ್ತು ನಿನಗೋಸ್ಕರ ಎಂದು ಗೊತ್ತಿದ್ದೂ ಹಾಕಿದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ಎಲ್ಲಾದರೂ ಒಂದು ಕಡೆ ನುಣುಚಿಕೊಂಡುಬಿಡುತ್ತೇನೆ — ನುಣುಚಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ.

ನಿನಗೂ ಶ್ರೀಧರನಿಗೂ ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ತೊಂಬತ್ತೈದರಲ್ಲಿ ಅತ್ತೆ ಕಳಸದ ದೇವಸ್ಥಾನದಲ್ಲಿ ನಿಂತು ಒಪ್ಪತ್ತು ಹಿಡಿದರು. ಕಿರಿಮಗನ ಮನೆಯಲ್ಲಿ ತೊಟ್ಟಿಲು ತೂಗುವವರೆಗೂ ಮಧ್ಯಾಹ್ನ ಒಂದೇ ಹೊತ್ತು ಅನ್ನ, ರಾತ್ರಿ ಫಲಾಹಾರ. ನಮ್ಮ ಮನೆಯ ಕ್ರಮದಲ್ಲಿ ರಾತ್ರಿಗೆ ಅಕ್ಕಿ ಹಿಟ್ಟು ಆಗುತ್ತದೆ, ಬೆಂದ ಅನ್ನ ಮಾತ್ರ ಸೋಕಬಾರದು. ರವೆ ತಿಂದರೆ ಅವರಿಗೆ ಎದೆಯುರಿ, ಗೋಧಿ ತಿಂದರೆ ಹೊಟ್ಟೆಯುಬ್ಬರ. ಉಳಿದದ್ದು ಅಕ್ಕಿ ರೊಟ್ಟಿ ಒಂದೇ.

ಆ ಬೇಸಿಗೆಯ ಶುರುವಿನಲ್ಲಿ, ಶಾಲೆಗೆ ರಜೆ ಬರುವ ಮೊದಲು, ಅವರು ಒಂದು ತಿಂಗಳು ನಮ್ಮಲ್ಲಿಗೆ ಬಂದರು. ನಾನು ಆಗ ಹೇಗಿದ್ದೆ ನಿನಗೆ ನೆನಪಿರಬೇಕು. ಶಾಲೆಯಲ್ಲಿ ವಿಜ್ಞಾನದ ಟೀಚರು, ಮನೆಯಲ್ಲಿ ಅಡುಗೆಯ ವಿಜ್ಞಾನಿ. ಒಂದೇ ಕುಕ್ಕರಿನಲ್ಲಿ ಕೆಳಗೆ ಬೇಳೆ ಮತ್ತು ಸೊಪ್ಪು, ನಡುವೆ ಅಕ್ಕಿ, ಮೇಲೆ ಹೆಚ್ಚಿದ ಬೀನ್ಸೋ ಸೀಮೆಬದನೆಯೋ. ಭಾನುವಾರವೇ ಹುಳಿಪುಡಿ ಕುಟ್ಟಿ ಇಟ್ಟಿರುತ್ತಿದ್ದೆ. ಇವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸ ಮುಗಿಸಿ ಬೈಕು ನಿಲ್ಲಿಸಿ ಕೈಕಾಲು ತೊಳೆಯುವಷ್ಟರಲ್ಲಿ ತಟ್ಟೆ ಹಾಕಿಬಿಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಮೈಗೆ ಹಿಡಿಯುವ ಊಟ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುತ್ತಿದ್ದೆ, ಉಳಿದ ಟೀಚರುಗಳು ಕೇಳಿ ಬರೆದುಕೊಳ್ಳುತ್ತಿದ್ದರು.

ಅತ್ತೆಯ ರೊಟ್ಟಿ ಬಂದು ನನ್ನ ಅರ್ಧ ಗಂಟೆ ಕೆಡಿಸಿತು. ನೀರು ಕುದಿಸಿ, ಹಿಟ್ಟು ಹಾಕಿ ಉಕ್ಕರಿಸಿ, ಸುಡುಸುಡುವಾಗಲೇ ನಾದಿ, ತಟ್ಟಿ ಬೇಯಿಸಬೇಕು. ಸ್ವಲ್ಪ ಆರಿದರೂ ಅಂಚು ಬಿರಿದುಕೊಳ್ಳುತ್ತದೆ. ಮೊದಲ ನಾಲ್ಕು ದಿನ ಹಾಗೆಯೇ ಮಾಡಿದೆ — ಅಷ್ಟು ಮಾತ್ರ ನನ್ನ ಪಾಲಿನ ಪ್ರಾಮಾಣಿಕತೆ. ಅತ್ತೆಗೆ ಹಲ್ಲು ಉಳಿದಿದ್ದದ್ದೇ ಆರೋ ಏಳೋ. ಗಟ್ಟಿ ರೊಟ್ಟಿಯನ್ನು ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ.

ಐದನೆಯ ದಿನ ಸಂಜೆಯವರೆಗೂ ಪರೀಕ್ಷೆಯ ಪೇಪರು ತಿದ್ದಿ ನನಗೆ ಸಾಕಾಗಿತ್ತು. ಪಾತ್ರೆಯಲ್ಲಿ ಮಧ್ಯಾಹ್ನದ ಅನ್ನ ಎರಡು ಸೌಟು ಉಳಿದಿತ್ತು. ಮಲ್ಲಂದೂರಿನ ನನ್ನ ತವರಿನಲ್ಲಿ ರೊಟ್ಟಿಗೆ ಯಾವಾಗಲೂ ಅನ್ನ ಹಿಸುಕಿ ಕಲಸುವುದು. ಉಕ್ಕರಿಸುವ ಗೋಜಿಲ್ಲ, ಮೂರು ದಿನವಿಟ್ಟರೂ ಮೆತ್ತಗಿರುತ್ತದೆ. ಕೈ ತಾನಾಗಿಯೇ ಹೋಯಿತು — ಎಂದು ಬರೆದಿದ್ದೆ, ಈಗ ಹೊಡೆದುಹಾಕಿದ್ದೇನೆ. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಅಗುಳು ಕಾಣಬಾರದೆಂದು ಅನ್ನವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ತಿರುವಿದೆನಲ್ಲ, ಅದೂ ತಾನಾಗಿ ಆದದ್ದೇ? ಕ್ಯಾರೆಟ್ಟು ತುರಿದು, ನುಗ್ಗೆಸೊಪ್ಪು ಹಾಕಿ ತಟ್ಟಿದೆ. ಅತ್ತೆ ಮಜ್ಜಿಗೆಯ ಲೋಟವನ್ನು ಮುಟ್ಟಲೇ ಇಲ್ಲ. ಮೂರನೆಯ ರೊಟ್ಟಿ ಹಾಕಿಸಿಕೊಳ್ಳುವಾಗ ನನ್ನ ಮುಖ ನೋಡಿದರು.

"ಎಷ್ಟ್ ಮೆತ್ತಗಿದೆ ಮಾರಾಯ್ತಿ. ಅನ್ನ ಗಿನ್ನ ಹಾಕಿಲ್ಲ ತಾನೆ?"

"ಇಲ್ಲ ಅತ್ತೆ."

ಎರಡೇ ಮಾತು. ಅವರು ಇನ್ನೆಂದೂ ಕೇಳಲಿಲ್ಲ. ವಿಜ್ಞಾನದ ಟೀಚರು ಸುಳ್ಳು ಹೇಳುತ್ತಾಳೆಯೇ?

ಆ ದಿನದ್ದು ಆಯಾಸ ಎಂದಿಟ್ಟುಕೊಳ್ಳೋಣ. ಮರುದಿನದಿಂದ ಬೆಳಗ್ಗೆಯೇ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕತೊಡಗಿದೆನಲ್ಲ — ಅದು ಆಯಾಸ ಅಲ್ಲ. ಅಕ್ಕಪಕ್ಕದವರ ಮುಂದೆಲ್ಲ ಅವರು ನನ್ನನ್ನು ಹೊಗಳುತ್ತಿದ್ದರು. ದಿನವಿಡೀ ದುಡಿದು ಬಂದರೂ ಹಿರಿಸೊಸೆಯ ರೊಟ್ಟಿ ಹೂವಿನ ಹಾಗಿರುತ್ತದೆ ಅನ್ನುತ್ತಿದ್ದರು. ಕೆಲಸ ಕಡಿಮೆ, ಹೊಗಳಿಕೆ ಜಾಸ್ತಿ. ಬಿಡಲು ಮನಸ್ಸು ಬರಲಿಲ್ಲ ವತ್ಸಲಾ, ಅಷ್ಟೇ ನಿಜ.

ತಿಂಗಳು ಮುಗಿದು ಅತ್ತೆ ಕಳಸಕ್ಕೆ ಮರಳಿದರು. ನಿನ್ನ ಕಷ್ಟ ಅಲ್ಲಿಂದ ಶುರುವಾಯಿತು. ಕಡೂರಿನ ಕಡೆಯಿಂದ ಬಂದವಳು ನೀನು, ಮುದ್ದೆ ತೊಳಸಿದ ಕೈ. ದಸರಾ ರಜೆಯಲ್ಲಿ ನಾವು ನಿಮ್ಮಲ್ಲಿಗೆ ಬಂದಾಗ ಊಟದ ಹೊತ್ತಿನಲ್ಲಿ ಅತ್ತೆ ನಿನ್ನ ರೊಟ್ಟಿಯನ್ನು ತಟ್ಟೆಗೆ ಕುಟ್ಟಿ ಸದ್ದು ಮಾಡಿ ತೋರಿಸಿದರು. ಮಿಲ್ಲಿನವನು ಹಿಟ್ಟು ತರಿ ಬೀಸಿದ್ದಾನೆ ಅಂದೆ ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದರು ಅವರು. ಪುಸ್ತಕದಂಗಡಿ ಮುಚ್ಚಿ ಆಗತಾನೆ ಬಂದಿದ್ದ ಶ್ರೀಧರ, ಇವಳ ರೊಟ್ಟಿ ಇಟ್ಟುಕೊಂಡರೆ ಮಾಡಿಗೆ ಹೆಂಚು ತರಿಸಬೇಕಾಗಿಲ್ಲ ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ನೀನು ಕೇಳಿದೆ.

"ಅಕ್ಕ, ನೀವು ಏನ್ ಹಾಕ್ತೀರಿ? ನಂಗೂ ಹೇಳಿಕೊಡಿ."

ಹೇಳಬಹುದಿತ್ತು. ನನ್ನ ಮಾನ ಹೋಗುತ್ತಿತ್ತು, ನಿನ್ನದು ಉಳಿಯುತ್ತಿತ್ತು.

"ಏನೂ ಇಲ್ಲ ಮಾರಾಯ್ತಿ. ಬಿಸಿ ಇರುವಾಗ್ಲೇ ನಾದ್ಬೇಕು. ಉಳಿದದ್ದು ಕೈಗುಣ."

ಕೈಗುಣ! ಅನ್ನ ಹಾಕಿದ್ದನ್ನು ಮುಚ್ಚಲು ಬೇರೆ ಏನನ್ನಾದರೂ ಹೇಳಬಹುದಿತ್ತು — ಅಕ್ಕಿ ಬೇರೆ, ನೀರು ಬೇರೆ. ಅಕ್ಕಿಯಾದರೆ ಬದಲಾಯಿಸಬಹುದು. ಕೈಯನ್ನು ಎಲ್ಲಿಂದ ಬದಲಾಯಿಸುತ್ತೀ?

ಸಂಕ್ರಾಂತಿಗೆ ಬಂದಾಗ ನೀನು ಎಳ್ಳು ಕೊಡಲು ಕೈ ಚಾಚಿದೆ. ಎರಡೂ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು ಚರ್ಮ ಕೆಂಪಾಗಿತ್ತು. ನಾನು ನೋಡಿದ್ದು ಕಂಡು ಸೆರಗಿನೊಳಗೆ ಎಳೆದುಕೊಂಡೆ. ಇನ್ನೂ ಬಿಸಿ, ಇನ್ನೂ ಬಿಸಿ ಎಂದು ಕೊತಕೊತ ಕುದಿಯುವ ಹಿಟ್ಟಿಗೆ ಕೈ ಹಾಕುತ್ತಿದ್ದೆ ನೀನು, ನನ್ನ ಮಾತು ನಂಬಿ. ಬರ್ನಾಲ್ ಹಚ್ಚಿಕೋ ಅಂದೆ. ಅಷ್ಟೇ ಅಂದದ್ದು.

ಅನ್ನ ಹಾಕಿದರೆ ಮೆತ್ತಗಾಗುತ್ತದೆ ಎಂದು ಕಳಸದಲ್ಲಿ ಯಾರಾದರೂ ನಿನಗೆ ಹೇಳಿಯೇ ಇರುತ್ತಾರೆ, ಮಲೆನಾಡಿನಲ್ಲಿ ಇದು ಗೊತ್ತಿಲ್ಲದ ಹೆಂಗಸಿಲ್ಲ. ನೀನು ಹಾಕಲಿಲ್ಲ. ನಾನು ಹಾಕುತ್ತಿರಬಹುದೆಂದು ಅನುಮಾನ ಪಡಲೂ ಇಲ್ಲ — ಅಕ್ಕ ಅಂಥವಳಲ್ಲ ಎಂದುಕೊಂಡಿದ್ದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಈ ವಯಸ್ಸಿನಲ್ಲೂ ಒಬ್ಬಳೇ ಇದ್ದಾಗ ಮುಖ ಬಿಸಿಯಾಗುತ್ತದೆ.

ಮುಂದಿನ ವರ್ಷ ಅತ್ತೆ, ತಿನ್ನುವುದಕ್ಕಾದರೂ ಹಿರಿಯವಳ ಮನೆಯಲ್ಲಿರುತ್ತೇನೆ ಎಂದು ನಾಲ್ಕು ಜನರ ಎದುರು ಹೇಳಿ ನಮ್ಮಲ್ಲಿಗೇ ಬಂದುಬಿಟ್ಟರು. ಅವರ ಚೀಲಕ್ಕೆ ಸೀರೆ ಮಡಚಿ ಇಟ್ಟವಳು ನೀನು. ಜೀಪಿನ ತನಕ ಬಂದೆ, ನನ್ನ ಜೊತೆ ಮಾತಾಡಲಿಲ್ಲ. ಅಲ್ಲಿಯವರೆಗೆ ನೀನು ಹದಿನೈದು ದಿನಕ್ಕೊಂದು ಕಾಗದ ಬರೆಯುತ್ತಿದ್ದೆ, ನಾಲ್ಕು ಪುಟ, ಅಂಚಿನಲ್ಲೂ ಬರೆದು ತುಂಬಿಸುತ್ತಿದ್ದೆ. ಆಮೇಲೆ ಬಂದದ್ದು ಅತ್ತೆಯ ಆರೋಗ್ಯ ಕೇಳುವ ಕಾರ್ಡು. ಆ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ನನಗೆ ಸಿಕ್ಕಿದ್ದ ಒಬ್ಬಳೇ ಗೆಳತಿ ನೀನು. ನಿನ್ನನ್ನು ನಾನು ಎರಡು ಸೌಟು ಅನ್ನಕ್ಕೆ ಕಳೆದುಕೊಂಡೆ.

ನಮ್ಮ ಮನೆಯ ರಾತ್ರಿಯೂಟವನ್ನು ಹೊರಗಿನವರು ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಅತ್ತೆ, ಇವರು, ಮಗಳು, ನಾನು ಒಟ್ಟಿಗೆ ಸಾಲಾಗಿ ಕೂರುತ್ತಿದ್ದೆವು. ಅತ್ತೆ ರೊಟ್ಟಿ ಮುರಿಯುವ ಮೊದಲು ಕಣ್ಣು ಮುಚ್ಚಿ, "ಆ ಹುಡುಗಿಗೊಂದು ಕೂಸು ಕೊಡಪ್ಪ" ಅನ್ನುತ್ತಿದ್ದರು. ದಿನವೂ. ಮಗಳು ಶಾಲೆಯ ಕತೆ ಹೇಳುತ್ತಿದ್ದಳು, ಇವರು ಇನ್ನೊಂಚೂರು ಹುಳಿ ಬಡಿಸು ಅನ್ನುತ್ತಿದ್ದರು. ನನಗೆ ಯಾರ ಮಾತೂ ಕೇಳುತ್ತಿರಲಿಲ್ಲ. ತುಂಬಿದ ಮನೆಯಲ್ಲಿ ನಾನೊಬ್ಬಳೇ — ಯಾರ ಬಳಿ ಹೇಳಲಿ? ನಿನ್ನ ಬಳಿ ಹೇಳಿಕೊಳ್ಳಬಹುದಾಗಿದ್ದ ಮಾತು ಅದು. ನೀನೇ ಇರಲಿಲ್ಲ.

ನಿಲ್ಲಿಸಬಹುದಿತ್ತಲ್ಲ, ಅನ್ನುತ್ತೀಯ. ಒಂದು ರಾತ್ರಿ ನಿಲ್ಲಿಸಿದ್ದೆ. ಬರೀ ಹಿಟ್ಟು ಉಕ್ಕರಿಸಿ ಮಾಡಿದ ರೊಟ್ಟಿ ಬಿರುಕು ಬಿಟ್ಟಿತು. ಅತ್ತೆ, ಇವತ್ತು ಹುಷಾರಿಲ್ವಾ ನಿಂಗೆ ಎಂದು ಹಣೆ ಮುಟ್ಟಿ ನೋಡಿದರು. ಮರುದಿನ ಮತ್ತೆ ಅನ್ನ ಹಾಕಿದೆ.

ಎರಡು ಸಾವಿರದ ಎರಡರಲ್ಲಿ ನಿನಗೆ ಬಸಿರು ನಿಂತಿತು ಎಂದು ಶ್ರೀಧರ ಫೋನು ಮಾಡಿದ. ಅತ್ತೆ ಕೂತಲ್ಲೇ ಅತ್ತರು. ಮೂರು ತಿಂಗಳಿಗೆ ಅದು ಉಳಿಯಲಿಲ್ಲ. ಆ ಸುದ್ದಿ ಬಂದ ಮೇಲೆ ಅವರು ನಿನ್ನ ಬಗ್ಗೆ ಒಂದು ಕೊಂಕೂ ಆಡಲಿಲ್ಲ, ಗೊತ್ತಿರಲಿ. ಬರಬರುತ್ತಾ ಅವರ ಮಾತೇ ಕಡಿಮೆಯಾಯಿತು. ಮರುವರ್ಷ ಹಾಸಿಗೆ ಹಿಡಿದರು. ಮಲಗಿದಲ್ಲೂ ಒಪ್ಪತ್ತು ಬಿಡಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದೆ. ಹಾಗೆ ತಿನ್ನಿಸುವಾಗ ಒಂದು ಸಂಜೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ನನ್ನ ಒಪ್ಪತ್ತಲ್ಲೇ ಏನೋ ಲೋಪ ಆಗಿರ್ಬೇಕು, ಲಲಿತಾ. ಇಲ್ದಿದ್ರೆ ಆ ಹುಡುಗಿಗೆ ಯಾಕ್ ಹೀಗಾಗ್ಬೇಕು?"

ಅವರ ಬೆರಳುಗಳು ನನ್ನ ಮಣಿಕಟ್ಟಿನ ಮೇಲಿದ್ದವು. ಬಾಯಿ ತೆರೆದರೆ ಸಾಕಿತ್ತು. ಹಾಗೆಲ್ಲ ಅನ್ನಬೇಡಿ ಅತ್ತೆ, ತಿನ್ನಿ ಅಂದೆ. ತಿಂದರು. ಎಂಟು ದಿನಕ್ಕೆ ಹೋದರು. ತಪ್ಪು ತನ್ನದು ಎಂದೇ ತಿಳಿದು ಹೋದರು.

ವ್ರತಕ್ಕೂ ಬಸಿರಿಗೂ ಸಂಬಂಧವಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು, ನನ್ನ ಒಂದು ಹಿಡಿ ಅನ್ನದಿಂದ ನಿನ್ನ ಮಗು ಹೋಯಿತೆಂದು ನಂಬುವುದಿಲ್ಲ, ನೀನೂ ನಂಬಬೇಡ. ಆದರೆ ಇಷ್ಟು ವರ್ಷ ಈ ತಿಳಿವಳಿಕೆಯ ಹಿಂದೆಯೇ ಅಡಗಿ ಕೂತಿದ್ದೆ. ನಾನು ನಂಬದಿದ್ದರೇನು, ಅವರು ನಂಬಿದ್ದರಲ್ಲ. ನಿನಗೆ ಕೊಡಲು ಆ ಮುದುಕಿಯ ಬಳಿ ಇದ್ದದ್ದು ಅದೊಂದೇ — ದಿನಾ ರಾತ್ರಿಯ ಹಸಿವು. ಅದನ್ನು ಅವರಿಗೆ ತಿಳಿಯದ ಹಾಗೆ ಕದ್ದೆ. ಅವರಿಗೆ ಗೊತ್ತಿದ್ದೂ ಸುಮ್ಮನಿದ್ದಿರಬಹುದು ಎಂದೂ ಒಮ್ಮೊಮ್ಮೆ ಅನ್ನಿಸಿದೆ. ಹಾಗಿದ್ದರೆ ನನಗೆ ಎಷ್ಟು ಅನುಕೂಲ! ಅದಕ್ಕೇ ಆ ಯೋಚನೆಯನ್ನು ನಾನು ನಂಬುವುದಿಲ್ಲ.

ಹೇಳದೆಯೇ ಸಾಯುತ್ತಿದ್ದೆನೋ ಏನೋ. ಈ ಸಲ ನಮ್ಮಲ್ಲಿ ನಡೆದ ಅತ್ತೆಯ ತಿಥಿಯಲ್ಲಿ ನೀನು ಆಡಿದ ಮಾತು ಬಿಡಲಿಲ್ಲ. ಹೆಂಗಸರೆಲ್ಲ ಒಳಗಿದ್ದರೆ ನೀನು ಹಿತ್ತಿಲ ಜಗಲಿಯಲ್ಲಿ ಕೂತು ಬಾಳೆಕಾಯಿ ಹೆಚ್ಚುತ್ತಿದ್ದೆ. ಒಳಗೆ ಬಾ, ವಡೆ ನೀನು ತಟ್ಟು ಎಂದು ಕರೆದೆ. ನೀನು ತಲೆ ಎತ್ತಲಿಲ್ಲ.

"ನನ್ನ ಕೈ ಅಡುಗೆಗೆ ಬೇಡ ಅಕ್ಕ. ಇದ್ದಾಗ್ಲೇ ಅತ್ತೆಗೆ ಹಿಡಿಸ್ಲಿಲ್ಲ."

ಕೋಪದಿಂದ ಅಂದದ್ದಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಅಂದಹಾಗೆ ಅಂದೆ. ಪಕ್ಕದಲ್ಲಿದ್ದ ಶ್ರೀಧರ, ಇವಳಿಗೆ ಆಗೋದಿಲ್ಲ ಅತ್ತಿಗೆ, ಮನೆಗೂ ಎಷ್ಟೋ ದಿನ ಹೋಟೆಲಿಂದ ಕ್ಯಾರಿಯರ್ ತರಿಸ್ತೇವೆ ಅಂದ. ನಾನು ಒಳಗೆ ಹೋಗಿ ವಡೆ ತಟ್ಟಿದೆ, ಎಲ್ಲರೂ ಹೊಗಳಿದರು. ನೀನು ಮದುವೆಯಾಗಿ ಬಂದ ಹೊಸತರಲ್ಲಿ ಮಾಡಿದ ಬಸ್ಸಾರಿಗೆ ಇವರು ಬೆರಳು ನೆಕ್ಕಿದ್ದರು, ವತ್ಸಲಾ. ಅಂಥ ಕೈಯನ್ನು ಒಲೆಯಿಂದ ಎಬ್ಬಿಸಿ ಜಗಲಿಗೆ ಕಳಿಸಿದವಳು ನಾನು.

ಇಲ್ಲಿಯವರೆಗೆ ಬರೆದದ್ದನ್ನು ಮೊದಲು ಇವರ ಕೈಗೆ ಕೊಟ್ಟೆ, ಅವರ ತಾಯಿಯಲ್ಲವೇ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು. "ಅಮ್ಮ ಕಡೇ ತುತ್ತೂ ನಿನ್ನ ಕೈಯಲ್ಲೇ ತಿಂದ್ಲು" ಅಂದರು. ಊಟಕ್ಕೆ ಕರೆದೆ, ಬರಲಿಲ್ಲ. ಅಡುಗೆ ಎಲ್ಲ ಹಾಗೆಯೇ ಇದೆ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿದ ಮೇಲೆ ಶ್ರೀಧರನ ಎದುರು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಅವತ್ತು ನಕ್ಕವರಲ್ಲಿ ಈಗ ಯಾರು ಯಾರು ಉಳಿದಿದ್ದಾರೋ ಅವರೆಲ್ಲರಿಗೂ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಜಗಲಿಯಲ್ಲಿ ನಿಂತೇ ಹೇಳಿ ಬರುತ್ತೇನೆ.

ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀಯ, ನಿನ್ನನ್ನು ನಾನು ಬಲ್ಲೆ — ಕೊಟ್ಟು, ನನ್ನ ಸಮಾಧಾನಕ್ಕಾಗಿ ಮತ್ತೊಮ್ಮೆ ನೀನೇ ನೋವು ನುಂಗುತ್ತೀಯ. ಈ ಸಲ ಅದು ಬೇಡ.